ಗೋಡೆಗೆ ತಲುಪದ ಬೆಳಕು

ಸುಟ್ಟುಹೋದ ಬಲ್ಬಿನ ತಲೆ ಬಿಚ್ಚಿ, ಒಳಗಿನ ತಂತಿ ಕಡ್ಡಿಗಳನ್ನು ಉದುರಿಸಿ ನೀರು ತುಂಬಿದರೆ ಅದೇ ಲೆನ್ಸ್. ಕಿಟಕಿ ಮುಚ್ಚಿದ ಕೋಣೆಗೆ ಹೊರಗಿನಿಂದ ಒಬ್ಬ ಕನ್ನಡಿ ಹಿಡಿದು ಸಂದಿಯಲ್ಲಿ ಬಿಸಿಲು ಕಳಿಸಿದರೆ ಅದೇ ದೀಪ. ಟಾಕೀಸಿನ ಹಿಂದೆ ಆಯ್ದುಕೊಂಡ ರೀಲಿನ ತುಂಡನ್ನು ತಲೆಕೆಳಗಾಗಿ ಹಿಡಿದರೆ ಗೋಡೆಯ ಮೇಲೆ ರಾಜ್‌ಕುಮಾರ್. ನನ್ನ ವಾರಗೆಯ ಬಹಳ ಮಂದಿ ಚಿಕ್ಕಂದಿನಲ್ಲಿ ಹೀಗೆ ಮನೆಯಲ್ಲೇ ಸಿನಿಮಾ ತೋರಿಸಿದವರು. ಆ ಆಟಕ್ಕೆ ಎರಡು ತೊಂದರೆಗಳಿದ್ದವು. ಚಿತ್ರದ ನಡುಭಾಗ ಸರಿಯಾಗಿ ಮೂಡಿದರೆ ಅಂಚು ಮಸುಕು. ರೀಲಿನ ತುಂಡನ್ನು ಬಿಸಿಲಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಹಿಡಿದರೆ ಅದು ಸುರುಟಿಕೊಂಡು ಕೆಟ್ಟ ವಾಸನೆ. ಐವತ್ತರ ಹತ್ತಿರ ಬಂದ ಮೇಲೆ, ಜೋಗುಪಾಳ್ಯದ ಒಂದು ತಾರಸಿಯ ಮೇಲೆ, ಇಡೀ ಗಲ್ಲಿಯವರ ಮುಂದೆ ನನ್ನನ್ನು ಸೋಲಿಸಿದ್ದೂ ಅವೆರಡೇ: ಬಿಸಿ ಮತ್ತು ಮಸುಕು. ಅವು ಎರಡಲ್ಲ, ಒಂದೇ ಎಂದು ತಿಳಿಯುವ ಹೊತ್ತಿಗೆ ಒಂದು ಪ್ಯಾನಲ್ ಬೆಂದಿತ್ತು, ಏನೂ ತಪ್ಪು ಮಾಡದ ಒಬ್ಬನ ಮೇಲೆ ನಾನು ಕೂಗಾಡಿಯೂ ಆಗಿತ್ತು.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಮಸೂರದ ಸೂತ್ರವನ್ನು ಪ್ರತಿ ವರ್ಷ ಹತ್ತನೇ ತರಗತಿಯ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ನನಗೆ ಗೊತ್ತಿಲ್ಲದ ವಿಷಯದಿಂದ ನಾನು ಸೋತಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಜೋಗುಪಾಳ್ಯ ಹಲಸೂರು ಕೆರೆಗೂ ಹಳೇ ಮದರಾಸು ರಸ್ತೆಗೂ ಹತ್ತಿರದ, ಮನೆಯ ಮೇಲೆ ಮನೆ ಕಟ್ಟಿಕೊಂಡ ಜಾಗ. ಕನ್ನಡ, ತಮಿಳು, ತೆಲುಗು, ದಖನಿ ನಾಲ್ಕೂ ಒಂದೇ ನಲ್ಲಿಯ ಮುಂದೆ ಕೇಳಿಸುತ್ತವೆ. ಗಲ್ಲಿಯಲ್ಲಿ ಒಂದು ಕಾರು ನಿಂತರೆ ಇನ್ನೊಂದು ಹೋಗಲಾರದು. ಆಕಾಶ ಕಾಣಬೇಕಾದರೆ ತಾರಸಿಗೇ ಹತ್ತಬೇಕು. ಇಲ್ಲಿನ ಹಿರಿಯರೆಲ್ಲ ನಡೆದುಹೋಗಿ ಸಿನಿಮಾ ನೋಡಿದವರು. ಸೇಂಟ್ ಜಾನ್ಸ್ ರಸ್ತೆಯಲ್ಲಿ ಲಾವಣ್ಯ, ಹಲಸೂರಿನ ಅಂಚಿನಲ್ಲಿ ಲಿಡೋ, ಎಂ.ಜಿ. ರಸ್ತೆಯಲ್ಲಿ 1936ರ ಪ್ಲಾಜಾ. ಲಿಡೋ ಇದ್ದಲ್ಲಿ ಮಾಲ್ ಬಂತು. ಪ್ಲಾಜಾ ಇದ್ದ ಜಾಗ ಮೆಟ್ರೋಗೆ ಹೋಯಿತು. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಮೊದಲ ರೈಲು ಓಡಿದಾಗ ಹಲಸೂರಿಗೂ ನಿಲ್ದಾಣ ಸಿಕ್ಕಿತು, ನಿಜ. ಆದರೆ ಮಂಡಿನೋವಿನ ಅಜ್ಜಿಯೊಬ್ಬರು ಎಸ್ಕಲೇಟರ್ ಹತ್ತಿ, ಮಾಲಿನ ಮೂರನೇ ಮಹಡಿಗೆ ಹೋಗಿ, ತಿಂಗಳ ಮಾತ್ರೆಯ ದುಡ್ಡಿನಷ್ಟು ಕೊಟ್ಟು ಸಿನಿಮಾ ನೋಡುವುದು ಆಗದ ಮಾತು. ಗಣೇಶನ ಹಬ್ಬಕ್ಕೆ ನಮ್ಮ ಗಲ್ಲಿಯಲ್ಲಿ ಗಣಪತಿ ಕೂರಿಸುತ್ತಾರೆ. ಆ ವರ್ಷ ಆರ್ಕೆಸ್ಟ್ರಾ ಬೇಡ, ತಾರಸಿಯ ಮೇಲೆ ಸಿನಿಮಾ ತೋರಿಸೋಣ, ಪ್ರೊಜೆಕ್ಟರ್ ನಾನೇ ಮಾಡುತ್ತೇನೆ ಎಂದೆ. 'ಹರಿಶ್ಚಂದ್ರ ಹಾಕ್ತೀರಾ ಮೇಷ್ಟ್ರೇ?' ಎಂದು ಕೆಳಮನೆಯ ಅಜ್ಜಿ ಕೇಳಿದರು. 1965ರ 'ಸತ್ಯ ಹರಿಶ್ಚಂದ್ರ', ಅದೂ ಬಣ್ಣ ಹಾಕಿದ್ದಲ್ಲ, ಮೊದಲಿನ ಕಪ್ಪುಬಿಳುಪಿನದೇ ಬೇಕು ಎಂದರು. ಒಪ್ಪಿಕೊಂಡೆ.

ಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಬಾಡಿಗೆಗೂ ಸಿಗುತ್ತದೆ. ಆದರೆ ನೀರು ತುಂಬಿದ ಬಲ್ಬು ಹಿಡಿದಿದ್ದ ಕೈ ಸುಮ್ಮನಿರಲಿಲ್ಲ.

ಯಂತ್ರದ ಮೈ ಸರಳ. ಎಸ್.ಪಿ. ರಸ್ತೆಯಿಂದ ತಂದ ಏಳು ಇಂಚಿನ ಎಲ್‌ಸಿಡಿ ಪ್ಯಾನಲ್, ಅಡ್ಡಲಾಗಿ 1024, ಉದ್ದಕ್ಕೆ 600 ಚುಕ್ಕಿ. ಅದರ ಬೆನ್ನಿನ ದೀಪದ ಹಾಳೆಗಳನ್ನು ಬಿಚ್ಚಿ ತೆಗೆದರೆ ಉಳಿಯುವುದು ಆಚೆ ಬದಿ ಕಾಣುವ ಗಾಜು. ಅದರ ಹಿಂದೆ 100 ವಾಟಿನ ಚಿಪ್ ಎಲ್‌ಇಡಿ, ಎಲ್‌ಇಡಿಯ ಬೆನ್ನಿಗೆ ಹಳೆಯ ಕಂಪ್ಯೂಟರಿನ ಹೀಟ್‌ಸಿಂಕ್. ಪ್ಯಾನಲಿನ ಹಿಂದೊಂದು ಮುಂದೊಂದು ಫ್ರೆನೆಲ್ ಹಾಳೆ. ಓದಲು ಪುಟದ ಮೇಲಿಡುವ ಚಪ್ಪಟೆ ಭೂತಗನ್ನಡಿ ಇದೆಯಲ್ಲ, ಅದೇ. ಹಿಂದಿನದು ದೀಪದ ಬೆಳಕನ್ನು ನೇರ ಮಾಡಿ ಪ್ಯಾನಲಿಗೆ ಕೊಡುತ್ತದೆ, ಮುಂದಿನದು ಅದನ್ನು ಕೂಡಿಸಿ ಲೆನ್ಸಿನೊಳಕ್ಕೆ ಕಳಿಸುತ್ತದೆ. ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ 1823ರಲ್ಲಿ ಕೋರ್ದುವಾನ್ ದೀಪಸ್ತಂಭಕ್ಕೆ ಕೂರಿಸಿದ ಮಸೂರದ ಉಪಾಯ ಈಗ ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಎಲ್ಲಕ್ಕಿಂತ ಮುಂದೆ, ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ, ಯಾವುದೋ ಹಳೆಯ ಯಂತ್ರದ ದಪ್ಪ ಲೆನ್ಸ್. ಸಂಗಮದೂರ 200 ಮಿಲಿಮೀಟರ್, ಅಗಲ 80. ಇವನ್ನೆಲ್ಲ ಪ್ಲೈವುಡ್ ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿ ಗ್ಲೂ ಗನ್ನಿನ ಅಂಟಿನಿಂದ ಹಿಡಿಸಿದೆ. ಈ ಅಂಟಿನ ಮಾತು ಮುಂದೆ ಬರುತ್ತದೆ.

ಮೊದಲು ಕಾಡಿದ್ದು ಮಸುಕು. ಯಂತ್ರ ಹಚ್ಚಿದ ಹೊಸತರಲ್ಲಿ ಚಿತ್ರ ಚೆನ್ನಾಗಿಯೇ ಇರುತ್ತಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಡುವೆ ಮಂಜು ಕವಿಯುತ್ತಿತ್ತು. ಲೆನ್ಸ್ ತಿರುಗಿಸಿ ನಡುಭಾಗವನ್ನು ಸರಿಮಾಡಿದರೆ ಬಲಗಡೆಯ ಅಂಚು ಹೋಗುತ್ತಿತ್ತು. ಲೆನ್ಸ್ ಕೆಟ್ಟದ್ದು ಎಂದು ತೀರ್ಮಾನಿಸಿದೆ. ಗುಜರಿಯಿಂದ ಇನ್ನೊಂದು ತಂದೆ, ಮತ್ತೂ ಒಂದು ತಂದೆ. ಅವುಗಳಲ್ಲಿ ಒಂದು ಒಂಟಿ ಗಾಜಿನದು. ಅದನ್ನು ಹಾಕಿದಾಗ ಬಿಳಿ ಅಕ್ಷರಗಳ ಸುತ್ತ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಅಂಚು ಕಟ್ಟಿತು. ಒಂಟಿ ಗಾಜು ಕೆಂಪು ಬೆಳಕನ್ನೂ ನೀಲಿ ಬೆಳಕನ್ನೂ ಒಂದೇ ದೂರದಲ್ಲಿ ಕೂಡಿಸಲಾರದು. ಇಂಥ ದೋಷಗಳನ್ನು ತಿದ್ದಲೆಂದೇ 1893ರಲ್ಲಿ ಇಂಗ್ಲೆಂಡಿನ ಡೆನ್ನಿಸ್ ಟೇಲರ್ ಮೂರು ಗಾಜುಗಳ ಕುಕ್ ಟ್ರಿಪ್ಲೆಟ್ ಮಾಡಿದ್ದು. ಅದು ಗೊತ್ತಿದ್ದುದರಿಂದ ಮೊದಲಿನ, ಹಲವು ಗಾಜುಗಳ ದಪ್ಪ ಲೆನ್ಸಿಗೇ ಮರಳಿದೆ. ಮಸುಕು ಹೋಗಲಿಲ್ಲ.

ಆಗ ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಒಂದೇ. ಗಾಜಿನ ಲೆನ್ಸ್ ಸಂಜೆ ಏಳಕ್ಕೂ ಎಂಟಕ್ಕೂ ಒಂದೇ. ಹೊತ್ತು ಕಳೆದಂತೆ ಹೆಚ್ಚುವ ಮಸುಕು ಲೆನ್ಸಿನದಾಗಲು ಹೇಗೆ ಸಾಧ್ಯ? ಮಸುಕು ಹೊತ್ತಿನ ಜೊತೆ ನಡೆಯುತ್ತಿದೆ ಎಂದರೆ ಪೆಟ್ಟಿಗೆಯೊಳಗೆ ಹೊತ್ತಿನ ಜೊತೆ ಬದಲಾಗುತ್ತಿರುವುದು ಯಾವುದೋ ಇದೆ. ಅಲ್ಲಿ ಬದಲಾಗುತ್ತಿದ್ದುದು ಬಿಸಿಯೊಂದೇ. ಪ್ರಯೋಗದ ವರದಿಯಲ್ಲಿ ಮಕ್ಕಳು ಇಂಥದ್ದನ್ನು ಬಿಟ್ಟರೆ ಕೆಂಪು ಶಾಯಿಯಲ್ಲಿ ಗೀರುವವನು ನಾನು. ಪೆಟ್ಟಿಗೆಯ ಹೊರಮೈಯನ್ನು ಕೈಯಿಂದ ಮುಟ್ಟಿ ನೋಡಿ, ಬೆಚ್ಚಗಿದೆ ಅಷ್ಟೆ ಎಂದುಕೊಂಡೆ. ಪ್ಲೈವುಡ್ ಬಿಸಿಯನ್ನು ಹೊರಗೆ ಬಿಡದ ವಸ್ತು. ಹೊರಗೆ ಬೆಚ್ಚಗಿದೆ ಎಂದರೆ ಒಳಗೆ ಕುದಿಯುತ್ತಿದೆ ಎಂದು ಅರ್ಥ.

ನಮ್ಮ ಗಲ್ಲಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಮೊದಲು ಕೋಲಾರದ ಕಡೆ ಟೂರಿಂಗ್ ಟಾಕೀಸಿನಲ್ಲಿ, ಆಮೇಲೆ ಬೆಂಗಳೂರು ದಂಡು ಪ್ರದೇಶದ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಹುಡುಗರಿಗೆಲ್ಲ ಆಪರೇಟರ್ ತಾತ. ಅವರು ಒಂದು ಸಂಜೆ ಮೇಲೆ ಬಂದು, ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿ, ಕೇಳಿದ್ದು ಎರಡೇ ಮಾತು.

'ಮೇಷ್ಟ್ರೇ, ಗಾಳಿ ಎಲ್ಲಿಂದ ಬರ್ತೈತೆ, ಎಲ್ಲಿಂದ ಹೋಗ್ತೈತೆ?'

ಹಿಂದೆ ಫ್ಯಾನ್ ಇದೆಯಲ್ಲ ತಾತ ಎಂದೆ. ಬೆಳಕು ಸೋರುತ್ತದೆಂದು ಉಳಿದ ಕಿಂಡಿಗಳಿಗೆಲ್ಲ ಕಪ್ಪು ಟೇಪು ಸುತ್ತಿದ್ದೆ. ಫ್ಯಾನು ಸದ್ದು ಮಾಡುತ್ತದೆಂದು ಅದರ ಮುಂದೆಯೂ ಸ್ಪಂಜು ಇಟ್ಟಿದ್ದೆ.

'ನಮ್ ಕಾಲ್ದಾಗೆ ರೀಲು ಗೇಟಲ್ಲಿ ನಿಂತ್ರೆ ಮುಗೀತು, ತೂತು ಬೀಳೋದು. ಓಡ್ತಾ ಇದ್ರೇನೇ ಬಾಳೋದು. ನಿಮ್ದು ಯಾವಾಗ್ಲೂ ನಿಂತೇ ಐತಲ್ಲ?'

ಆ ಪ್ರಶ್ನೆಯ ಆಳ ನನಗೆ ಅಂದು ಇಳಿಯಲಿಲ್ಲ. ತಾತನ ಕಾಲದ ಪ್ರೊಜೆಕ್ಟರಿಗೆ ದೀಪವಾಗಿದ್ದ ಕಾರ್ಬನ್ ಕಡ್ಡಿಗಳ ನಡುವಿನ ಉರಿ ಮೂರು ಸಾವಿರ ಡಿಗ್ರಿಯನ್ನೂ ಮೀರಿದ್ದು. ಅಂಥ ಉರಿಯ ಮುಂದೆ ಪ್ಲಾಸ್ಟಿಕ್ ರೀಲು ಉಳಿಯುತ್ತಿದ್ದುದಕ್ಕೆ ಕಾರಣ, ಸೆಕೆಂಡಿಗೆ 24 ಚಿತ್ರ ಓಡುವಾಗ ಒಂದೊಂದು ಚಿತ್ರವೂ ಬೆಳಕಿನೆದುರು ನಿಲ್ಲುವುದು ಸೆಕೆಂಡಿನ ಇಪ್ಪತ್ತನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ. ಬಿಸಿ ಏರುವಷ್ಟರಲ್ಲಿ ಅದು ಹೊರಟಿರುತ್ತದೆ. ಅಷ್ಟಾದರೂ ಬಿಸಿಗೆ ರೀಲು ಗೇಟಿನಲ್ಲಿ, ಎಂದರೆ ಬೆಳಕಿನೆದುರಿನ ಕಿಂಡಿಯಲ್ಲಿ, ಉಬ್ಬಿ ಫೋಕಸ್ ತಪ್ಪುತ್ತಿತ್ತು, ಟೆಂಟಿನ ನೆಲದಿಂದ ಜನ 'ಫೋಕಸ್! ಫೋಕಸ್!' ಎಂದು ಕೂಗುತ್ತಿದ್ದರು. ದೀಪದ ಮನೆಗೆ ಚಿಮಣಿ ಇಲ್ಲದ ಪ್ರೊಜೆಕ್ಟರನ್ನು ತಾತ ಕಂಡೇ ಇರಲಿಲ್ಲ. ನನ್ನ ಎಲ್‌ಸಿಡಿ ಗಾಜಿನ ಮೇಲೆ ಚಿತ್ರ ಓಡುತ್ತದೆ, ಗಾಜು ಓಡುವುದಿಲ್ಲ. ಎರಡೂವರೆ ಗಂಟೆ ಅದು ಒಂದೇ ಜಾಗದಲ್ಲಿ ಬೆಳಕನ್ನು ಎದುರಿಸಿ ನಿಲ್ಲಬೇಕು. ನಾನು ತಾತನಿಗೆ ಕಾಫಿ ಕೊಟ್ಟು, ಇದು ಎಲ್‌ಇಡಿ ತಾತ, ಕಾರ್ಬನ್ ಅಲ್ಲ, ಬಿಸಿ ಕಡಿಮೆ ಎಂದೆ. ಅವರು ಮತ್ತೇನೂ ಹೇಳಲಿಲ್ಲ. ಬಲ್ಲವರು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟೆ, ಅದನ್ನು ಯೋಚಿಸಿ ನೋಡಲಿಲ್ಲ. ಈಗಲೂ ನನ್ನನ್ನು ಹೆಚ್ಚು ಚುಚ್ಚುವುದು ಅದೇ.

ಹಬ್ಬದ ರಾತ್ರಿ ಎದುರು ಮನೆಯ ಗೋಡೆಗೆ ಎಂಟು ಅಡಿ ಅಗಲದ ಬಿಳಿ ಬಟ್ಟೆ ಕಟ್ಟಿದೆವು. ಎಂಟು ಅಡಿ ಬೇಕೆಂದು ಹಟ ಹಿಡಿದವನು ನಾನೇ. ಅಷ್ಟು ದೊಡ್ಡದಾದರೆ ಚಿತ್ರ ಮಂಕು ಎಂದು ಮೊದಲಿದ್ದ 50 ವಾಟಿನ ಚಿಪ್ ತೆಗೆದು 100 ವಾಟಿನದು ಹಾಕಿದ್ದೂ ನಾನೇ. ಭಾದ್ರಪದದ ಜಿಟಿಜಿಟಿ ಮಳೆ ಶುರುವಾಯಿತು. ಜನ ಛತ್ರಿ ಹಿಡಿದು ಕೂತರು, ಯಾರೂ ಎದ್ದು ಹೋಗಲಿಲ್ಲ. ಯಂತ್ರ ನೆನೆಯಬಾರದೆಂದು ಅದರ ಮೇಲೆ ಟಾರ್ಪಾಲು ಹೊದಿಸಿದೆ. ಫ್ಯಾನು ಹೊರಗೆ ಉಗುಳಿದ ಬಿಸಿಗಾಳಿ ಟಾರ್ಪಾಲಿನೊಳಗೇ ಸುತ್ತಿ ಮತ್ತೆ ಪೆಟ್ಟಿಗೆಗೆ ಹೋಗತೊಡಗಿತು.

ವಿಶ್ವಾಮಿತ್ರ ಬಂದು ರಾಜ್ಯ ಕೇಳುವಷ್ಟರಲ್ಲಿ ಚಿತ್ರದ ನಟ್ಟನಡುವೆ ನೇರಳೆ ಹಣ್ಣಿನಷ್ಟು ಕಪ್ಪು ಕಾಣಿಸಿತು. ಅದು ಅಗಲವಾಗುತ್ತ ಹೋಗಿ ಹರಿಶ್ಚಂದ್ರನ ಮುಖವನ್ನು ನುಂಗಿತು. ವೈರಿನ ಸಮಸ್ಯೆ ಎಂದುಕೊಂಡೆ. ಎಲ್ಲ ಆರಿಸಿ, ಟಾರ್ಪಾಲು ಎತ್ತಿ, ಎಚ್‌ಡಿಎಂಐ ಕೇಬಲ್ ಕಿತ್ತು, ಊದಿ, ಮತ್ತೆ ಸಿಕ್ಕಿಸಿದೆ. ಹಚ್ಚಿದಾಗ ಚಿತ್ರ ಪೂರ್ತಿ ಬಂತು. 'ಕೇಬಲ್ ಲೂಸ್ ಆಗಿತ್ತು' ಎಂದು ಜೋರಾಗಿ ಹೇಳಿದೆ, ಹುಡುಗರು ಚಪ್ಪಾಳೆ ತಟ್ಟಿದರು. ಕೇಬಲ್ ಎಂದೂ ಲೂಸ್ ಆಗಿರಲಿಲ್ಲ. ನಾನು ಊದುತ್ತ ಕೂತ ಹೊತ್ತಿನಲ್ಲಿ ಪ್ಯಾನಲ್ ತಣ್ಣಗಾಗಿತ್ತು, ಅಷ್ಟೇ. ತಪ್ಪು ಕಾರಣಕ್ಕೆ ಸಿಕ್ಕ ಗೆಲುವಿನಷ್ಟು ಕೆಟ್ಟ ಗುರು ಇಲ್ಲ. ಮತ್ತೆ ಕಪ್ಪಾದಾಗ ನಾನು ದೀಪ ಆರಿಸುವ ಗೋಜಿಗೇ ಹೋಗದೆ ಕೇಬಲನ್ನಷ್ಟೇ ಕಿತ್ತು ಸಿಕ್ಕಿಸುತ್ತ ಕೂತೆ. ದೀಪ ಉರಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಕಪ್ಪು ಈಗ ಹಳದಿ ಕಂದಾಗಿತ್ತು, ಅದು ಮರಳಿ ತಿಳಿಯಾಗಲಿಲ್ಲ. ಚಂದ್ರಮತಿ ಕಾಶಿಯ ಬೀದಿಗೆ ಬರುವ ಮೊದಲೇ ನಮ್ಮ ಸಿನಿಮಾ ನಿಂತಿತು. 'ಇರಲಿ ಬಿಡಿ ಮೇಷ್ಟ್ರೇ' ಎಂದು ಕೆಳಮನೆಯ ಅಜ್ಜಿ ಮೆಟ್ಟಿಲಿಳಿಯಲು ಮೊಮ್ಮಗನ ಕೈ ಹಿಡಿದುಕೊಂಡರು.

ಮರುದಿನ ಪ್ಯಾನಲ್ ಹಿಡಿದು ಎಸ್.ಪಿ. ರಸ್ತೆಗೆ ಹೋಗಿ, ಕೊಟ್ಟ ಅಂಗಡಿಯ ಹುಡುಗನ ಮೇಲೆ ಕೂಗಾಡಿದೆ. ಡಿಫೆಕ್ಟ್ ಪೀಸ್ ಕೊಟ್ಟಿದ್ದೀಯ ಎಂದೆ. ಅವನು ಏನೂ ಮಾತಾಡದೆ ಅದನ್ನು ಬೆಳಕಿಗೆ ಹಿಡಿದು ತೋರಿಸಿದ. ಮೇಲಿನ ಹಾಳೆ ಗುಳ್ಳೆ ಎದ್ದಿತ್ತು. 'ಸಾರ್, ಇದು ಬೆಂದಿದೆ' ಎಂದ. ಗಿರಾಕಿಗಳು ನೋಡುತ್ತಿದ್ದರು. ನಾನು ಸೋತೆ ಎಂದು ಒಪ್ಪಿಕೊಳ್ಳದೆ ಅಲ್ಲಿಂದ ಬಂದೆ. ಮುಂದೆ ಎರಡನೆಯ ಪ್ಯಾನಲನ್ನು ಅದೇ ಅಂಗಡಿಯಲ್ಲಿ ಕೊಂಡೆ, ಅಂದು ಆಡಿದ್ದಕ್ಕೆ ಕ್ಷಮೆ ಕೇಳಿದೆ. ಅದು ಬಹಳ ತಡವಾಗಿ ಆಯಿತು.

ಬೆಂದದ್ದು ಏನು, ಕಪ್ಪಾದದ್ದು ಏನು ಎಂದು ತಿಳಿಯಲು ಕೂತಾಗ ಓದಿನಲ್ಲಿ ಸಿಕ್ಕಿದ್ದು 1888ರ ಒಂದು ಪ್ರಯೋಗ. ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಖ್ ರೈನಿಟ್ಜರ್ ಕೊಲೆಸ್ಟೆರಿಲ್ ಬೆಂಜೊಯೇಟನ್ನು ಕಾಯಿಸುತ್ತಿದ್ದರು. 145.5 ಡಿಗ್ರಿಗೆ ಅದು ಕರಗಿತು, ಆದರೆ ಕರಗಿದ ದ್ರವ ಕದಡಿದಂತೆ ಇತ್ತು. 178.5 ಡಿಗ್ರಿಗೆ ಇದ್ದಕ್ಕಿದ್ದಂತೆ ತಿಳಿಯಾಯಿತು. ನಡುವಿನ ಆ ಕದಡಿದ ಸ್ಥಿತಿಯೇ ದ್ರವಸ್ಫಟಿಕ. ಹರಿಯುವುದರಲ್ಲಿ ಅದು ದ್ರವ, ಅಣುಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುವುದರಲ್ಲಿ ಹರಳು. ಎಲ್‌ಸಿಡಿ ಬದುಕಿರುವುದು ಆ ಶಿಸ್ತಿನ ಮೇಲೆ. ಬಿಸಿ ಮಿತಿ ಮೀರಿದರೆ ಶಿಸ್ತು ಚದುರಿ ಅದು ಬರೀ ದ್ರವವಾಗುತ್ತದೆ. ಆಗ ಬೆಳಕನ್ನು ತಿರುಗಿಸುವ ಶಕ್ತಿ ಹೋಗುತ್ತದೆ, ಹಿಂದೆ ಮುಂದೆ ಅಡ್ಡಡ್ಡ ಕೂತ ಎರಡು ಪೋಲರೈಸರ್ ಹಾಳೆಗಳು ಬೆಳಕನ್ನು ಪೂರ್ತಿ ತಡೆಯುತ್ತವೆ. ಕಪ್ಪು. ತಣಿದರೆ ಶಿಸ್ತು ಮರಳುತ್ತದೆ, ಚಿತ್ರವೂ ಮರಳುತ್ತದೆ. ನಮ್ಮ ಗೋಡೆಯ ಮೇಲಿನ ಮೊದಲ ಕಪ್ಪು ರೈನಿಟ್ಜರ್ ಕಂಡದ್ದೇ. ಅದು ಎಚ್ಚರಿಕೆಯಾಗಿತ್ತು. ಎರಡನೆಯದು ಬೇರೆ. ಪೋಲರೈಸರ್ ಎಂದರೆ ಅಯೋಡಿನ್ ಕುಡಿಸಿ ಎಳೆದ ಪ್ಲಾಸ್ಟಿಕ್ ಹಾಳೆ, ಅಮೆರಿಕದ ಎಡ್ವಿನ್ ಲ್ಯಾಂಡ್ 1938ರಲ್ಲಿ ರೂಪಿಸಿದ್ದು. ಅದು ಬೆಂದರೆ ಬೆಂದೇ ಹೋಯಿತು.

ಜೋಗುಪಾಳ್ಯದಿಂದ ಕೆಲವೇ ಮೈಲಿ ದೂರದಲ್ಲಿ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಎಸ್. ಚಂದ್ರಶೇಖರ್ ಮತ್ತು ಜೊತೆಗಾರರು 1977ರಲ್ಲಿ ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗುತ್ತವೆ ಎಂದು ಜಗತ್ತಿಗೆ ಮೊದಲು ತೋರಿಸಿದರು. ಅದಕ್ಕೂ ಮುಂಚೆ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸಿದವರು. 1991ರಲ್ಲಿ ದ್ರವಸ್ಫಟಿಕಕ್ಕಾಗಿಯೇ ಒಂದು ಸಂಶೋಧನಾ ಕೇಂದ್ರವನ್ನೂ ಬೆಂಗಳೂರಿನಲ್ಲಿ ಕಟ್ಟಿದರು. ಆ ಜಾತಿಯ ಅಣುಗಳ ಪದರವನ್ನು ಮುಂದೆ ಎಲ್‌ಸಿಡಿ ಪರದೆಗಳು ಓರೆಯಿಂದಲೂ ಸರಿಯಾಗಿ ಕಾಣುವಂತೆ ಮಾಡಲು ಬಳಸಿದರು. ದ್ರವಸ್ಫಟಿಕದ ಬಗ್ಗೆ ಜಗತ್ತಿಗೆ ಕಲಿಸಿದ ಊರಿನಲ್ಲಿ ಕೂತು ನಾನು ಅದನ್ನು ಬೇಯಿಸಿದೆ. ಇದನ್ನು ನನ್ನ ಮಕ್ಕಳಿಗೆ ತರಗತಿಯಲ್ಲಿ ಹೇಳಿದ್ದೇನೆ, ಬೆಂದ ಪ್ಯಾನಲನ್ನು ಕೈಗೆ ಕೊಟ್ಟು.

ಆಮೇಲೆ ಮೊದಲೇ ಮಾಡಬೇಕಿದ್ದ ಲೆಕ್ಕ ಮಾಡಿದೆ. ಎಲ್‌ಇಡಿ ತಿಂದ 100 ವಾಟಿನಲ್ಲಿ ಬೆಳಕಾಗುವುದು ಸುಮಾರು ಮೂರನೇ ಒಂದು ಪಾಲು. ಉಳಿದದ್ದು ಹೀಟ್‌ಸಿಂಕಿನ ಬಿಸಿ. ಆ ಬೆಳಕಿನಲ್ಲೂ ಅರ್ಧದಷ್ಟು ಪೆಟ್ಟಿಗೆಯ ಗೋಡೆಗಳಿಗೆ ಬಡಿದು ಹೋಗುತ್ತದೆ ಎಂದುಕೊಳ್ಳೋಣ. ಪ್ಯಾನಲಿಗೆ ಬಿದ್ದದ್ದರಲ್ಲಿ ಮೊದಲ ಪೋಲರೈಸರ್ ಅರ್ಧಕ್ಕಿಂತ ಹೆಚ್ಚು ನುಂಗುತ್ತದೆ. ಕೆಂಪು, ಹಸಿರು, ನೀಲಿ ಫಿಲ್ಟರುಗಳು ಉಳಿದದ್ದರಲ್ಲಿ ಮೂರನೇ ಎರಡು ಪಾಲು ನುಂಗುತ್ತವೆ. ಕೊನೆಗೆ, ಬಣ್ಣದ ಎಲ್‌ಸಿಡಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಆಚೆ ಬಿಡುವುದು ನೂರಕ್ಕೆ ಐದರಿಂದ ಹತ್ತು ಪಾಲು. ಎಂದರೆ ಅಂಗೈ ಅಗಲದ ಗಾಜಿನೊಳಗೆ ಹತ್ತು ಹದಿನೈದು ವಾಟ್ ಬಿಸಿ ಸುಮ್ಮನೆ ಕೂರುತ್ತದೆ, ಗೋಡೆಗೆ ಹೋಗುವುದು ಸುಮಾರು ಒಂದು ವಾಟ್. ಗೋಡೆಗೆ ತಲುಪದ ಬೆಳಕೆಲ್ಲ ಪೆಟ್ಟಿಗೆಯಲ್ಲೇ ಬಿಸಿಯಾಗಿ ಉಳಿಯುತ್ತದೆ. ಚಿತ್ರ ಮಂಕಾಯಿತೆಂದು ದೀಪ ಹೆಚ್ಚಿಸಿದಾಗ ನಾನು ಹೆಚ್ಚಿಸಿದ್ದು ಬಹುಪಾಲು ಬಿಸಿಯನ್ನೇ.

ಇನ್ನು ಮಸುಕಿನ ಲೆಕ್ಕ. ಪ್ಯಾನಲಿನ ಅಗಲ 154 ಮಿಲಿಮೀಟರ್. ಅದನ್ನು ಎಂಟು ಅಡಿಗೆ ಹಿಗ್ಗಿಸುವುದೆಂದರೆ ಸುಮಾರು 16 ಪಟ್ಟು. ಚಿತ್ರ ಅಗಲದಲ್ಲಿ 16 ಪಟ್ಟು ಹಿಗ್ಗಿದರೆ, ಪ್ಯಾನಲ್ ಹಿಂದೆ ಮುಂದೆ ಸರಿದ ದೂರ ಗೋಡೆಯ ಬಳಿ ಹಿಗ್ಗುವುದು ಅದರ ವರ್ಗದಷ್ಟು, 250 ಪಟ್ಟು. ಪ್ಯಾನಲಿನ ಒಂದು ಮೂಲೆ ಒಂದೇ ಒಂದು ಮಿಲಿಮೀಟರ್ ವಾಲಿದರೆ ಆ ಮೂಲೆಯ ಫೋಕಸ್ ಗೋಡೆಯಿಂದ 25 ಸೆಂಟಿಮೀಟರ್ ಆಚೀಚೆ ಹೋಗುತ್ತದೆ. 80 ಮಿಲಿಮೀಟರ್ ಅಗಲದ ನನ್ನ ಲೆನ್ಸಿಗೆ ಇದು ಗೋಡೆಯ ಮೇಲೆ ಆರು ಮಿಲಿಮೀಟರಿನ ಮಸುಕು. ಒಂದು ಚುಕ್ಕಿಯ ಅಗಲ ಅಲ್ಲಿ ಎರಡೂವರೆ ಮಿಲಿಮೀಟರ್ ಕೂಡ ಇಲ್ಲ. ಪೆಟ್ಟಿಗೆ ಬಿಚ್ಚಿ ನೋಡಿದರೆ ಗ್ಲೂ ಗನ್ನಿನ ಅಂಟು ಬಿಸಿಗೆ ಮೆತ್ತಗಾಗಿ ಪ್ಯಾನಲ್ ಬಲಕ್ಕೆ ವಾಲಿತ್ತು. ಅಂಟಿನ ಕಡ್ಡಿ ಕರಗುವುದೇ ಬಿಸಿಗೆ, ಬಿಸಿಯಾಗುವ ಪೆಟ್ಟಿಗೆಯಲ್ಲಿ ಅದನ್ನು ಬಳಸಿದ್ದೆ. ಮುಂದಿನ ಫ್ರೆನೆಲ್ ಹಾಳೆ ವಿನೈಲಿನದು, ಅದೂ ಬಿಸಿಗೆ ಡೊಂಕಾಗಿ ಪ್ಯಾನಲಿನ ಹೊಟ್ಟೆಗೆ ಒತ್ತಿ ನಿಂತಿತ್ತು. ಮೂರು ಲೆನ್ಸ್ ಕೊಂಡು ನಾನು ಅಟ್ಟಿಸಿಕೊಂಡು ಹೋದ ಮಸುಕು ಇದೇ.

ಸರಿಪಡಿಸಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇರೆ ಯಾರಾದರೂ ಮಾಡುತ್ತಿದ್ದರೆ ಉಪಯೋಗವಾಗಲಿ. ಮೊದಲು ಬಟ್ಟೆಯ ಅಗಲವನ್ನು ಎಂಟು ಅಡಿಯಿಂದ ನಾಲ್ಕೂವರೆಗೆ ಇಳಿಸಿದೆ. ವಿಸ್ತೀರ್ಣ ಮೂರನೇ ಒಂದಕ್ಕಿಂತ ಕಡಿಮೆಯಾಯಿತು, ಅದೇ ದೀಪಕ್ಕೆ ಹೊಳಪು ಮೂರು ಪಟ್ಟು ಬಂತು. ಹಿಗ್ಗುವಿಕೆ 16ರಿಂದ 9ಕ್ಕೆ ಇಳಿಯಿತು, ಒಂದು ಮಿಲಿಮೀಟರಿನ ತಪ್ಪು ಗೋಡೆಯಲ್ಲಿ 25 ಸೆಂಟಿಮೀಟರಿನ ಬದಲು ಎಂಟೇ ಆಯಿತು. ಹೊಳಪು ಮಿಕ್ಕಿದ್ದರಿಂದ ಲೆನ್ಸಿನ ಮುಂದೆ ತೂತು ಕೊರೆದ ಕಪ್ಪು ರಟ್ಟು ಇಟ್ಟು ಅಗಲವನ್ನು 80ರಿಂದ 50ಕ್ಕೆ ತಂದೆ, ಅಂಚುಗಳು ಎದ್ದು ನಿಂತವು. ದೀಪವನ್ನು ಮತ್ತೆ 50 ವಾಟಿಗೇ ಇಳಿಸಲು ಸಾಧ್ಯವಾಯಿತು. ಲೆನ್ಸ್, ಚಿಪ್ ಎಲ್ಲ ಬದಲಾಯಿಸಿ ಗೆಲ್ಲಲಾಗದ್ದನ್ನು ಮೂರೂವರೆ ಅಡಿ ಬಟ್ಟೆ ಮಡಚಿ ಗೆದ್ದೆ. ನನ್ನ ಮನಸ್ಸು ಕೊನೆಯವರೆಗೂ ಒಪ್ಪದಿದ್ದದ್ದು ಇದೊಂದನ್ನೇ. ದೊಡ್ಡ ಚಿತ್ರ ಅಜ್ಜಿಗೆ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಹರಿಶ್ಚಂದ್ರ. ಎಂಟು ಅಡಿ ಬೇಕಿದ್ದದ್ದು ನನಗೆ.

ಗಾಳಿಗೆ ಬರೋಣ. 100 ವಾಟ್ ಬಿಸಿಯನ್ನು ಹೊರಗೆ ಒಯ್ಯುವ ಗಾಳಿ 10 ಡಿಗ್ರಿಗಿಂತ ಹೆಚ್ಚು ಕಾಯಬಾರದು ಎಂದರೆ ನಿಮಿಷಕ್ಕೆ ಸುಮಾರು 20 ಘನ ಅಡಿ ಗಾಳಿ ಹಾಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿನ ಗಾಳಿ ಹತ್ತನೇ ಒಂದು ಪಾಲು ತೆಳು, ಅದನ್ನೂ ಸೇರಿಸಿದ ಲೆಕ್ಕ ಇದು. ಕಂಪ್ಯೂಟರ್ ಫ್ಯಾನು ಇದಕ್ಕಿಂತ ಹೆಚ್ಚು ತಳ್ಳಬಲ್ಲದು, ಆದರೆ ದಾರಿ ತೆರೆದಿದ್ದರೆ ಮಾತ್ರ. ಕಿಂಡಿಗೆ ಟೇಪು ಸುತ್ತಿ ಸ್ಪಂಜು ತುರುಕಿದರೆ ಅದು ನಿಂತಲ್ಲೇ ತಿರುಗುತ್ತದೆ. ಬೆಳಕು ನೇರ ಹೋಗುತ್ತದೆ, ಗಾಳಿ ತಿರುವಿನಲ್ಲೂ ಹೋಗುತ್ತದೆ. ಹಾಗಾಗಿ ಕಿಂಡಿಗಳಿಗೆ ಎರಡು ತಿರುವಿನ ದಾರಿ ಮಾಡಿ ಒಳಗೆ ಹೊಳಪಿಲ್ಲದ ಕಪ್ಪು ಬಳಿದೆ. ಗಾಳಿಯ ಕ್ರಮವನ್ನೂ ತಿರುಗಿಸಿದೆ. ಮೊದಲು ನನ್ನ ಫ್ಯಾನು ಹೀಟ್‌ಸಿಂಕಿನ ಬಿಸಿಯನ್ನು ಪ್ಯಾನಲಿನ ಮೇಲೆ ಹಾಯಿಸಿ ಹೊರಗೆ ಕಳಿಸುತ್ತಿತ್ತು. ಈಗ ತಣ್ಣನೆ ಗಾಳಿ ಕೆಳಗಿನಿಂದ ಬಂದು ಮೊದಲು ಪ್ಯಾನಲಿನ ಎರಡೂ ಮೈ ಸವರಿ, ಆಮೇಲೆ ಹೀಟ್‌ಸಿಂಕಿಗೆ ಹೋಗಿ, ಮೇಲಿನ ಚಿಮಣಿಯಿಂದ ಹೊರಡುತ್ತದೆ. ಚಿಮಣಿಯ ತಗಡು ಬಾಗಿಸಿಕೊಟ್ಟವರು ಆಪರೇಟರ್ ತಾತ.

ಇನ್ನೊಂದು ಉಪಾಯ ಕಂಪನಿಯ ಪ್ರೊಜೆಕ್ಟರುಗಳ ಒಳಗೂ ಇದೆ. ಒಡೆದ ಲ್ಯಾಪ್‌ಟಾಪ್ ಪರದೆಯ ಪೋಲರೈಸರ್ ಹಾಳೆಯನ್ನು ಸುಲಿದು, ಗಾಜಿಗೆ ಅಂಟಿಸಿ, ಪ್ಯಾನಲಿನ ಹಿಂದೆ ಎರಡು ಬೆರಳು ದೂರದಲ್ಲಿ ನಿಲ್ಲಿಸಿದೆ. ಚಿತ್ರ ಅತಿ ಹೆಚ್ಚು ಹೊಳೆಯುವವರೆಗೆ ಅದನ್ನು ತಿರುಗಿಸಿ ಬಿಗಿದೆ. ಪ್ಯಾನಲಿನ ಮೊದಲ ಹಾಳೆ ನುಂಗಬೇಕಿದ್ದ ಬೆಳಕನ್ನು ಈಗ ಈ ಹೊರಗಿನ ಹಾಳೆ ನುಂಗುತ್ತದೆ, ಬಿಸಿ ಅಲ್ಲೇ ಉಳಿದು ಗಾಳಿಯಲ್ಲಿ ಹೋಗುತ್ತದೆ. ಬಿಳಿ ಎಲ್‌ಇಡಿಯಲ್ಲಿ ಅವಕೆಂಪು ಕಿರಣ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ, ಬಿಸಿ ತಡೆಯುವ ಗಾಜು ಎಂದು ಮಾರುವುದಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ. ಹ್ಯಾಲೊಜೆನ್ ದೀಪವಾದರೆ ಬೇಕು.

ಪ್ಯಾನಲನ್ನು ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಕೂರಿಸಿ ಮೂರು ಸ್ಪ್ರಿಂಗ್ ಸ್ಕ್ರೂಗಳಿಂದ ಹಿಡಿದೆ. ವಿನೈಲ್ ತೆಗೆದು ಅಕ್ರಿಲಿಕ್ ಫ್ರೆನೆಲ್ ಹಾಕಿ, ಪ್ಯಾನಲಿನಿಂದ ಸ್ವಲ್ಪ ದೂರ ಸರಿಸಿದೆ. ತೀರ ಹತ್ತಿರವಿದ್ದರೆ ಅದರ ಗೆರೆಗಳೇ ಗೋಡೆಯ ಮೇಲೆ ಬಳೆಬಳೆಯಾಗಿ ಕಾಣುತ್ತವೆ. ಎಲ್‌ಇಡಿಯ ಡ್ರೈವರನ್ನು ಪೆಟ್ಟಿಗೆಯಿಂದ ಹೊರಗೆ ತಂದೆ. ಪ್ಯಾನಲಿನ ಅಂಚಿಗೆ ಮಲ್ಟಿಮೀಟರಿನ ಉಷ್ಣತೆ ಅಳೆಯುವ ತಂತಿ ಅಂಟಿಸಿದೆ, ಚೌಕಟ್ಟಿಗೆ 60 ಡಿಗ್ರಿಗೆ ತಾನೇ ಕಡಿದುಕೊಳ್ಳುವ ಬೈಮೆಟಲ್ ಥರ್ಮೋಸ್ಟಾಟ್ ಕೂರಿಸಿ ದೀಪದ ಲೈನಿಗೆ ಸೇರಿಸಿದೆ. ನಾನು ಮೈಮರೆತರೂ ಅದು ಮರೆಯುವುದಿಲ್ಲ. 230 ವೋಲ್ಟಿನ ಆ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿದೆ. ಫೋಕಸ್ ಸರಿಮಾಡುವುದು ಈಗ ಯಂತ್ರ ಒಂದು ಗಂಟೆ ಓಡಿದ ಮೇಲೆ. ಚೌಕಳಿ ಗೆರೆ, ನಡುವಲ್ಲೂ ನಾಲ್ಕು ಮೂಲೆಯಲ್ಲೂ ಸಣ್ಣ ಅಕ್ಷರ ಇರುವ ಚಿತ್ರ ಹಾಕಿ, ನಡುವಿಗೆ ಲೆನ್ಸ್, ಮೂಲೆಗಳಿಗೆ ಸ್ಕ್ರೂ ತಿರುಗಿಸುತ್ತೇನೆ. ಸಿನಿಮಾ ಎಷ್ಟು ಹೊತ್ತಿನದೋ ಅಷ್ಟೂ ಹೊತ್ತು ಓಡಿಸಿ, ಗೋಡೆಯ ಜೊತೆಗೆ ಮೀಟರನ್ನೂ ನೋಡುತ್ತ ಕೂರುತ್ತೇನೆ. ಕೊನೆಯ ಸಲ ಪ್ಯಾನಲ್ 44 ಡಿಗ್ರಿಯಲ್ಲಿ ನಿಂತು, ಅದಕ್ಕಿಂತ ಮೇಲೇರಲಿಲ್ಲ.

ದೀಪಾವಳಿ ಕಳೆದ ಮೇಲಿನ ಒಂದು ಶನಿವಾರ 'ಸತ್ಯ ಹರಿಶ್ಚಂದ್ರ'ವನ್ನು ಮೊದಲಿನಿಂದ ಹಾಕಿದೆ. ಹಬ್ಬದ ರಾತ್ರಿಯಷ್ಟು ಜನ ಬರಲಿಲ್ಲ. ಕೆಳಮನೆಯ ಅಜ್ಜಿ ಬಂದರು, ತಾತ ಪೆಟ್ಟಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡರು. ಸ್ಮಶಾನದ ದೃಶ್ಯದ ಕತ್ತಲೆಯಲ್ಲೂ ಮುಖಗಳು ಕಂಡವು. ಅಜ್ಜಿಗೆ ಚಿತ್ರದ ಬಗ್ಗೆ ದೂರಿರಲಿಲ್ಲ, ದೂರಿದ್ದದ್ದು ಫ್ಯಾನಿನ ಸದ್ದಿನ ಬಗ್ಗೆ. ಚಂದ್ರಮತಿಯ ಮೆಲುಮಾತು ಕೇಳಿಸಲಿಲ್ಲ ಎಂದರು. ಅವರ ದೂರು ನಿಜ. ಸಣ್ಣ ಫ್ಯಾನು ಅಷ್ಟು ಗಾಳಿ ತಳ್ಳಬೇಕಾದರೆ ವೇಗವಾಗಿ ತಿರುಗಬೇಕು, ಕಿರುಚುತ್ತದೆ. ಅದೇ ಗಾಳಿಯನ್ನು ದೊಡ್ಡ ರೆಕ್ಕೆಯ ಫ್ಯಾನು ನಿಧಾನವಾಗಿ, ಸದ್ದಿಲ್ಲದೆ ತಳ್ಳುತ್ತದೆ. 140 ಮಿಲಿಮೀಟರಿನದೊಂದು ತಂದಿಟ್ಟಿದ್ದೇನೆ. ಅದಕ್ಕೆ ಪೆಟ್ಟಿಗೆಯ ತಳವನ್ನು ಮತ್ತೆ ಕೊರೆಯಬೇಕು, ತಿರುವಿನ ದಾರಿಯನ್ನು ಅಗಲಿಸಬೇಕು, ಎಲ್ಲ ಮುಗಿದ ಮೇಲೆ ಪೂರ್ತಿ ಒಂದು ಸಿನಿಮಾದಷ್ಟು ಹೊತ್ತು ಮತ್ತೆ ಓಡಿಸಿ ಅಳೆಯಬೇಕು. ಮುಂದಿನ ಸಲಕ್ಕೆ 'ಬೇಡರ ಕಣ್ಣಪ್ಪ' ಎಂದು ಅಜ್ಜಿ ಆಗಲೇ ಹೇಳಿದ್ದಾರೆ.